ಹಿಂದಿನ ದಿನವೇ ಬರೆದ ನಡಾವಳಿ

ಪುರಸಭೆಯ ಸಭಾಂಗಣದಲ್ಲಿ ಅಧ್ಯಕ್ಷರ ಕುರ್ಚಿಯ ಎಡಕ್ಕೆ ಒಂದು ಪುಟ್ಟ ಮೇಜು. ಅದರ ಮುಂದೆ ಕೂತು ಅವಳು ಇಪ್ಪತ್ತಾರು ವರ್ಷ ನಡಾವಳಿ ಬರೆದಳು. ಅಷ್ಟು ವರ್ಷದಲ್ಲಿ ಏಳು ಜನ ಅಧ್ಯಕ್ಷರು ಬಂದು ಹೋದರು. ಫ್ಯಾನು ಎರಡು ಸಲ ಬದಲಾಯಿತು. ಮೈಕು ಒಂದು ಸಲವೂ ಸರಿಯಾಗಲಿಲ್ಲ. ಅವಳ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಅವಳು ನಡಾವಳಿ ಅಕ್ಕ.

ಯಾರು ಬಂದರು, ಯಾರು ಏನಂದರು, ಎಷ್ಟು ಕೈ ಎದ್ದವು, ಏನು ತೀರ್ಮಾನವಾಯಿತು, ಇಷ್ಟನ್ನೂ ಪುಟಸಂಖ್ಯೆ ಹಾಕಿ ಮೊಹರು ಒತ್ತಿದ ದಪ್ಪ ಪುಸ್ತಕದಲ್ಲಿ ಬರೆದು ಸದಸ್ಯರ ಸಹಿ ಪಡೆಯುವುದು ಅವಳ ಕೆಲಸ. ಆ ಪುಸ್ತಕದಲ್ಲಿ ಬಂದದ್ದೇ ಊರಿಗೆ ನಡೆದದ್ದು. ಮೊದಮೊದಲು ಅವಳು ಸಭೆ ಮುಗಿದ ಮೇಲೆ ಬರೆಯುತ್ತಿದ್ದಳು. ಬರೆದು ಮುಗಿಸುವ ಹೊತ್ತಿಗೆ ಸದಸ್ಯರು ಕಾಲುಕಿತ್ತಿರುತ್ತಿದ್ದರು. ಆಮೇಲೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹದಿನೈದು ಮನೆ ಸುತ್ತಬೇಕು. ಒಬ್ಬರು ಮಲಗಿದ್ದಾರೆ, ಒಬ್ಬರು ಸ್ನಾನಕ್ಕೆ ಹೋಗಿದ್ದಾರೆ, ಇನ್ನೊಬ್ಬರು ಒಳಗಿಂದಲೇ "ನಮ್ಮನೆಯವಳ ಸಹಿ ನಡೆಯುತ್ತಾ ನೋಡಿ" ಅನ್ನುತ್ತಾರೆ. ಅವಳ ಪಾಡು ನೋಡಲಾರದೆ ಹಳೆಯ ಹೆಡ್ ಗುಮಾಸ್ತರು ಒಂದು ದಿನ ಅಂದರು: "ಹಿಂದಿನ ದಿನವೇ ಬರೆದಿಟ್ಟುಬಿಡಮ್ಮ. ಇವರು ಮಾತಾಡೋದು ಹೇಗಿದ್ರೂ ಅದನ್ನೇ."

ಅಂದಿನಿಂದ ಅದೇ ಪದ್ಧತಿಯಾಯಿತು. ಸಭೆಯ ಹಿಂದಿನ ಮಧ್ಯಾಹ್ನ ಅವಳು ಪೂರ್ತಿ ನಡಾವಳಿ ಬರೆಯುತ್ತಿದ್ದಳು. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಯಾರು ದೀರ್ಘವಾಗಿ ಚರ್ಚಿಸಿದರು, ಎಲ್ಲ. ಮತಗಳ ಸಂಖ್ಯೆಗೆ ಮಾತ್ರ ಜಾಗ ಬಿಡುತ್ತಿದ್ದಳು. ಚಹಾ ಬರುತ್ತಿದ್ದಂತೆ ಪುಸ್ತಕ ಕೈಯಿಂದ ಕೈಗೆ ಹೋಗಿ ಸಹಿ ಹೊತ್ತು ವಾಪಸ್ಸು ಬರುತ್ತಿತ್ತು. ಒಮ್ಮೆ ಹಲ್ಲುನೋವೆಂದು ಮನೆಯಲ್ಲೇ ಮಲಗಿದ್ದ ಸದಸ್ಯರೊಬ್ಬರು ಪುಸ್ತಕದಲ್ಲಿ ಬೀದಿದೀಪದ ಬಗ್ಗೆ ಕಾಲು ಪುಟ ಮಾತಾಡಿಬಿಟ್ಟಿದ್ದರು. ಮರುವಾರ ಅವರೇ ಓದಿ, "ಪರವಾಗಿಲ್ಲ, ಚೆನ್ನಾಗೇ ಮಾತಾಡಿದ್ದೀನಿ" ಎಂದು ಸಹಿ ಹಾಕಿದರು.

ಅವಳು ತಪ್ಪದೆ ಬರೆಯುತ್ತಿದ್ದ ಸಾಲೊಂದಿತ್ತು. ಸಭೆಯ ಮುಂದೆ ಬಂದ ವಿಷಯದಲ್ಲಿ ಯಾವ ಸದಸ್ಯನಿಗಾದರೂ ಸ್ವಂತದ ಲಾಭವೋ ನೆಂಟಸ್ತಿಕೆಯೋ ಇದ್ದರೆ ಅವನು ಅದನ್ನು ಹೇಳಿ, ಎದ್ದು, ಹೊರಗೆ ಹೋಗಬೇಕು, ಮತ ಹಾಕುವಂತಿಲ್ಲ. ಹಾಗೆ ಎದ್ದು ಹೋದದ್ದನ್ನು ದಾಖಲಿಸುವ ಸಾಲು ಅದು. ಇತ್ತೀಚೆಗೆ ಈ ಸಾಲು ಬಹುಪಾಲು ಉಪಾಧ್ಯಕ್ಷರ ಹೆಸರಿನಲ್ಲೇ ಬರುತ್ತಿತ್ತು. ರಾಜಕೀಯಕ್ಕೆ ಬರುವ ಮುಂಚೆ ಅವರು ಕರೆಂಟಿನ ಕೆಲಸ ಮಾಡುತ್ತಿದ್ದವರು. ಯಾರ ಮನೆಯಲ್ಲಿ ದೀಪ ಹೋದರೂ ಓಡಿಬಂದು ಫ್ಯೂಸು ಕಟ್ಟಿಕೊಡುತ್ತಿದ್ದರು. ಆ ಪ್ರೀತಿಗೇ ಜನ ಮೊದಲ ಸಲ ಗೆಲ್ಲಿಸಿದ್ದು. ಇವತ್ತಿಗೂ ಅವರು ಫ್ಯೂಸಣ್ಣ. ನಾಲ್ಕು ವರ್ಷದ ಹಿಂದೆ ಅವರು ಮಗಳನ್ನು ಊರಿನ ದೊಡ್ಡ ಬಿಲ್ಡರ್ ಮನೆಗೆ ಕೊಟ್ಟರು. ಆ ಬಿಲ್ಡರ್ ಫ್ಯೂಸಣ್ಣನಿಗೆ ಬೀಗರಾದರು. ಬರುಬರುತ್ತಾ ಕಚೇರಿಯಲ್ಲಿ ಎಲ್ಲರೂ ಅವರನ್ನು ಬೀಗರು ಎಂದೇ ಕರೆಯತೊಡಗಿದರು, ಇಡೀ ಪುರಸಭೆಯೇ ಹೆಣ್ಣು ಕೊಟ್ಟ ಹಾಗೆ.

ಬೀಗರ ಫೈಲು ಬಂದಾಗಲೆಲ್ಲ ಫ್ಯೂಸಣ್ಣ ಎದ್ದು ವರಾಂಡಕ್ಕೆ ಹೋಗಿ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ಒಳಗೆ ಚರ್ಚೆ ಎಳೆದಾಡಿದರೆ ಹೊರಗೆ ಕೆಮ್ಮು ಕೇಳಿಸುತ್ತಿತ್ತು. ಕೆಮ್ಮಿದ ಮೇಲೆ ಒಂದೆರಡು ಕೈ ಜಾಸ್ತಿ ಏಳುತ್ತಿದ್ದವು. ಕೆಮ್ಮನ್ನು ನಡಾವಳಿಯಲ್ಲಿ ಬರೆಯುವ ಕ್ರಮವಿರಲಿಲ್ಲ. ಅವಳು ಬರೆಯುತ್ತಿದ್ದದ್ದು ಇಷ್ಟೇ: "ಮಾನ್ಯ ಉಪಾಧ್ಯಕ್ಷರು ತಮ್ಮ ಹಿತಾಸಕ್ತಿಯನ್ನು ತಿಳಿಸಿ ಸಭೆಯಿಂದ ಹೊರಗೆ ಹೋದರು."

ನಿವೃತ್ತಿಗೆ ಎರಡು ವರ್ಷವಿದ್ದಾಗ, ಒಂದು ತಿಂಗಳ ಸಭೆಗೆ ಬಂದ ಪಟ್ಟಿಯಲ್ಲಿ ಒಂಬತ್ತನೆಯದನ್ನು ಟೈಪು ಮಾಡುವಾಗ ಅವಳ ಬೆರಳು ನಿಂತಿತು. ಬಸ್ ನಿಲ್ದಾಣದ ಹಿಂದೆ ಪುರಸಭೆಯ ಜಾಗದಲ್ಲಿ ಹನ್ನೊಂದು ಶೆಡ್ಡುಗಳ ಸಾಲೊಂದಿತ್ತು. ರೇಡಿಯೇಟರ್ ರಿಪೇರಿ, ಬ್ಯಾಟರಿ, ಟಿಂಕರು, ಪೇಂಟು. ಆ ಶೆಡ್ಡುಗಳ ಗುತ್ತಿಗೆ ರದ್ದು ಮಾಡಿ ಜಾಗವನ್ನು ವಸತಿ ಸಮುಚ್ಚಯಕ್ಕೆಂದು ಬೀಗರ ಕಂಪನಿಗೆ ಕೊಡುವುದು, ಇದು ಒಂಬತ್ತನೇ ವಿಷಯ. ಸಾಲಿನ ನಾಲ್ಕನೇ ಶೆಡ್ಡು ಅವಳ ಗಂಡನದು. ಬಸ್ಸು ಲಾರಿಗಳ ಸೀಟು ಹೊಲಿಯುವವನು ಅವನು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತು ರೆಕ್ಸಿನ್ ಕತ್ತರಿಸಿ, ಸ್ಪಂಜು ತುಂಬಿ, ಬಾಗಿದ ಸೂಜಿಯಲ್ಲಿ ಅಂಚು ಹೊಲಿದವನು. ಐವತ್ತೆಂಟರ ಅವನ ಬೆನ್ನು ಹೊಲಿಗೆ ಯಂತ್ರದ ಎತ್ತರಕ್ಕೇ ಬಾಗಿ ನಿಂತುಬಿಟ್ಟಿತ್ತು.

ಗಂಡ ಹೆಂಡಿರ ನಡುವೆ ಹಳೆಯ ಒಪ್ಪಂದವೊಂದಿತ್ತು. ಸಭೆಯ ಮಾತು ಮನೆಗೆ ತರುವ ಹಾಗಿಲ್ಲ, ಶೆಡ್ಡಿನ ಬೈಗುಳ ಒಳಗೆ ಬರುವ ಹಾಗಿಲ್ಲ. ಸಭೆಯ ಹಿಂದಿನ ಸಂಜೆಯೂ ಅವಳು ಬಾಯಿ ಬಿಡಲಿಲ್ಲ. ಅವನಿಗೆ ಮಾತ್ರ ಸುದ್ದಿ ಬಂದಾಗಿತ್ತು.

"ನಾಳೆ ನಮ್ಮದು ಬರುತ್ತಂತೆ," ಅಂದ, ಕಾಲು ತೊಳೆಯುತ್ತಾ.

"ಯಾರಂದ್ರು?"

"ರೇಡಿಯೇಟರ್‌ನವನು. ಅವನ ಹತ್ರ ನೀರಿಗಿಂತ ಸುದ್ದಿನೇ ಜಾಸ್ತಿ ಸೋರೋದು."

"ನನ್ನನ್ನ ಏನೂ ಕೇಳ್ಬೇಡಿ."

"ಕೇಳಿದ್ನಾ?" ಎಂದು ಅವನು ಟವೆಲ್ಲಿಗೆ ಕೈ ಚಾಚಿದ.

ಅಷ್ಟು ಹೊತ್ತಿಗೆ ಅವಳು ಒಂಬತ್ತನೇ ವಿಷಯವನ್ನೂ ಪುಸ್ತಕಕ್ಕೆ ಇಳಿಸಿಯಾಗಿತ್ತು. ಫ್ಯೂಸಣ್ಣ ಹೊರಗೆ ಹೋದ ಸಾಲು ತನ್ನಷ್ಟಕ್ಕೆ ತಾನೇ ಬಂದು ಕೂತಿತ್ತು. ಅದರ ಕೆಳಗೆ, ಪರವಾಗಿ ಎಷ್ಟು, ವಿರುದ್ಧ ಎಷ್ಟು ಎನ್ನುವ ಎರಡು ಖಾಲಿ ಜಾಗ.

ಮರುದಿನ ಹದಿನೈದೂ ಸದಸ್ಯರು ಬಂದಿದ್ದರು. ಒಂಬತ್ತನೇ ವಿಷಯ ಬಂದಾಗ ಫ್ಯೂಸಣ್ಣ ಎದ್ದು ಬಾಗಿಲತ್ತ ನಡೆದರು. ಉಳಿದದ್ದು ಹದಿನಾಲ್ಕು. ಎಂದಿನಂತೆ ಎರಡು ನಿಮಿಷದ ಕೆಲಸ ಎಂದು ಎಲ್ಲರೂ ತಿಳಿದಿದ್ದರು. ಆದರೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಎದ್ದು ನಿಂತರು. ಎಂದೂ ಹೆಚ್ಚು ಮಾತಾಡದ ಮನುಷ್ಯ. "ಈ ಊರಲ್ಲಿ ಗಾಡಿ ಕೆಟ್ರೆ ಎಲ್ಲಿಗೆ ಹೋಗ್ತೀರಿ? ಬೀಗರ ಮನೆಗಾ?" ಎಂದು ಕೇಳಿದರು. ಯಾರೋ ನಕ್ಕರು. ನಗು ಮುಗಿದ ಮೇಲೆ ಒಬ್ಬಿಬ್ಬರು ಹೌದೆಂದು ತಲೆಯಾಡಿಸಿದರು. ಅಧ್ಯಕ್ಷೆ ಕೈ ಎತ್ತಲು ಹೇಳಿದರು. ಪರವಾಗಿ ಏಳು. ಹೊರಗೆ ಕೆಮ್ಮು ಕೇಳಿಸಿತು. ವಿರುದ್ಧವಾಗಿಯೂ ಏಳು. ಸಮ ಬಿದ್ದರೆ ವಿಷಯ ಬಿದ್ದುಹೋದಂತೆ, ಅದು ಅಲ್ಲಿಯ ನಿಯಮ.

ಆಗ ಫ್ಯೂಸಣ್ಣ ಒಳಗೆ ಬಂದರು. ಬಂದು ತಮ್ಮ ಕುರ್ಚಿಯಲ್ಲಿ ಕೂತು ಕೈ ಎತ್ತಿದರು.

"ನೀವು ಹೊರಗಿದ್ರಲ್ರೀ," ಅಂದರು ಮೇಷ್ಟ್ರು.

"ಈಗ ಬಂದೆನಲ್ಲ."

"ಬೀಗರ ವಿಷಯ ಇದು."

"ಬೀಗರದ್ದೇನು ಮೇಷ್ಟ್ರೇ, ಊರಿನ ಅಭಿವೃದ್ಧಿ ವಿಷಯ. ಕೂತ್ಕೊಳ್ಳಿ, ಬಿ.ಪಿ. ಏರಿಸ್ಕೊಳ್ಬೇಡಿ."

ಅಧ್ಯಕ್ಷೆಗೆ ಮಗಳ ಶಾಲೆಗೆ ಹೋಗುವ ಹೊತ್ತಾಗಿತ್ತು. "ಎಂಟು. ಪಾಸಾಯ್ತು. ಚಹಾ ಕಳಿಸಿ," ಅಂದರು.

ಪುಸ್ತಕ ಕೈಯಿಂದ ಕೈಗೆ ಹೊರಟಿತು. ಮೇಷ್ಟ್ರ ಹತ್ತಿರ ಬಂದಾಗ ಅವರು ಕನ್ನಡಕಕ್ಕೆ ಜೇಬು ತಡಕಿದರು, ಸಿಗಲಿಲ್ಲ. "ಅಕ್ಕ, ಇವರು ವಾಪಸ್ಸು ಬಂದು ಕೈ ಎತ್ತಿದ್ದನ್ನ ಬರೀತೀರಲ್ಲ? ಅಷ್ಟು ಸಾಕು ನನಗೆ," ಎಂದು ಸಹಿ ಹಾಕಿ ಹೋದರು.

ಸಭಾಂಗಣ ಖಾಲಿಯಾದ ಮೇಲೆ ಫ್ಯೂಸಣ್ಣ ಅವಳ ಮೇಜಿನ ಹತ್ತಿರ ಬಂದು, ಪುಸ್ತಕ ತಿರುಗಿಸಿಕೊಂಡು, ಒಂಬತ್ತನೆಯದನ್ನು ಸಾವಕಾಶವಾಗಿ ಓದಿದರು. ಓದುತ್ತಾ ಅವರ ಮುಖ ಸಡಿಲವಾಯಿತು.

"ಅಕ್ಕ, ನಾನು ಹೊರಗೆ ಹೋದೆ ಅಂತ ನೀವೇ ಬರೆದುಬಿಟ್ಟಿದ್ದೀರಿ."

"ನಿನ್ನೆ ಬರೆದದ್ದು ಸಾರ್. ಅದನ್ನ ತಿದ್ದಬೇಕು."

"ಯಾಕೆ ತಿದ್ದೋದು? ಹದಿನೈದು ಸಹಿ ಬಿದ್ದಿದೆ. ಬರೆದದ್ದು ಹಾಗೇ ಇರಲಿ. ಅಂಕಿ ಮಾತ್ರ ಎಂಟು, ಆರು ಅಂತ ತುಂಬಿ. ಒಟ್ಟು ಹದಿನಾಲ್ಕು. ಲೆಕ್ಕಕ್ಕೆ ಲೆಕ್ಕ ಸರಿ ಹೋಯ್ತು."

"ಮೇಷ್ಟ್ರು..."

"ಮೇಷ್ಟ್ರು ಸಹಿ ಹಾಕಿದ್ದಾರೆ." ಅವರು ಸ್ಟೂಲು ಎಳೆದು ಅವಳೆದುರು ಕೂತರು. ಅವರ ಕಣ್ಣಿನ ಕೆಳಗೂ ದಣಿವಿತ್ತು. "ನೋಡಿ, ಮಗಳು ಕೊಟ್ಟ ಮನೆ. ಒಂದು ಸಲ ಆಗಲ್ಲ ಅಂದ್ರೆ ಅಲ್ಲಿ ಅವಳಿಗೆ ಏನೇನು ಕೇಳಿಸುತ್ತೆ ಅಂತ ನಿಮಗೆ ಹೇಳಬೇಕಾ? ನಿಮ್ಮ ಯಜಮಾನರನ್ನೂ ನಾನು ಕೈಬಿಡಲ್ಲ. ಹೊಸ ಕಟ್ಟಡದ ಕೆಳಗೆ ಅಂಗಡಿ ಬರುತ್ತೆ. ರಸ್ತೆ ಕಡೆದೇ ಒಂದು ಕೊಡಿಸ್ತೀನಿ. ಶೆಟರ್ ಇರೋದು."

ಅವರು ಹೋದ ಮೇಲೆ ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಪುಟ ಅವಳೆದುರು ತೆರೆದಿತ್ತು. ಎಂಟು, ಆರು ಎಂದರೆ ಗಂಡನಿಗೆ ಅಂಗಡಿ. ಆದರೆ ಆ ಪುಟಕ್ಕೆ ಇನ್ನೊಂದು ಅಂಕಿಯೂ ಅಷ್ಟೇ ಚೆನ್ನಾಗಿ ಒಪ್ಪುತ್ತಿತ್ತು. ಏಳು, ಏಳು. ಉಪಾಧ್ಯಕ್ಷರು ಹೊರಗೆ ಹೋದರು, ಮತ ಸಮ ಬಿತ್ತು, ವಿಷಯ ಬಿದ್ದುಹೋಯಿತು. ಫ್ಯೂಸಣ್ಣ ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ತಾನು ಒಳಗಿದ್ದೆ ಎಂದು ತಾನೇ ಹೇಳಿಕೊಂಡಂತೆ. ಶೆಡ್ಡು ಉಳಿಯುತ್ತಿತ್ತು. ಒಂದು ಅಂಕಿಯನ್ನು ಎರಡು ಸಲ ಬರೆದರೆ ಹನ್ನೊಂದು ಶೆಡ್ಡು ಉಳಿಯುತ್ತಿದ್ದವು.

ನಡೆದದ್ದನ್ನು ನಡೆದಂತೆ ಬರೆಯಬೇಕೆಂದರೆ ಮಾತ್ರ ಆ ಸಾಲನ್ನು ಹೊಡೆದುಹಾಕಬೇಕು. ಹೊಡೆದುಹಾಕಿದರೆ, ಸಭೆಗೆ ಮುಂಚೆಯೇ ಆ ಸಾಲು ಅಲ್ಲಿ ಹೇಗೆ ಬಂತು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಇಪ್ಪತ್ತಾರು ವರ್ಷದ ಕಪಾಟು ತೆರೆಯುತ್ತದೆ.

ಅವಳು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕಚೇರಿ ಬಿಟ್ಟು ಮನೆಯ ದಾರಿ ಹಿಡಿಯಲಿಲ್ಲ. ಬಸ್ ನಿಲ್ದಾಣದ ಹಿಂದಕ್ಕೆ ನಡೆದಳು.

ಅವಳು ಶೆಡ್ಡಿಗೆ ಬರುತ್ತಿದ್ದದ್ದೇ ಅಪರೂಪ. ಇಳಿಬಿಸಿಲು ತಗಡಿನ ಸಂದಿಯಿಂದ ಬಿದ್ದು ನೆಲದ ಮೇಲಿನ ರೆಕ್ಸಿನ್ ಚೂರುಗಳು ಹೊಳೆಯುತ್ತಿದ್ದವು. ಅಂಟಿನ ವಾಸನೆ. ಗಂಡ ಚಾಲಕನ ಸೀಟೊಂದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ದಾರ ಎಳೆಯುತ್ತಿದ್ದ.

"ಏನು, ಇಲ್ಲಿಗೆ ಬಂದೆ? ಕೂತ್ಕೋ. ಅದ್ರ ಮೇಲಲ್ಲ, ಅಂಟು ಒಣಗಿಲ್ಲ."

ಅವಳು ಸ್ಪಂಜಿನ ಸುರುಳಿಯ ಮೇಲೆ ಕೂತು, ಒಪ್ಪಂದ ಮುರಿದು, ಎಲ್ಲವನ್ನೂ ಹೇಳಿದಳು. ಅವನ ಸೂಜಿ ನಿಲ್ಲಲಿಲ್ಲ.

"ಏಳು, ಏಳು ಅಂತ ಬರೆದ್ರೆ ಶೆಡ್ಡು ಉಳಿಯುತ್ತೆ," ಅಂದ.

"ಹೂಂ."

"ಎಂಟು, ಆರು ಅಂತ ಬರೆದ್ರೆ ಅಂಗಡಿ ಸಿಗುತ್ತೆ."

"ಹೂಂ."

"ಅಂದ್ರೆ ಏನು ಸುಳ್ಳು ಬರೆದ್ರೂ ನನಗೆ ಲಾಭ. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಈಗ ಬಂತು ನೋಡು ಅದೃಷ್ಟ."

"ತಮಾಷೆ ಬೇಡ ರೀ."

"ತಮಾಷೆ ಅಲ್ಲ." ಅವನು ದಾರವನ್ನು ಹಲ್ಲಿನಿಂದ ಕಡಿದ. "ಫ್ಯೂಸಣ್ಣ ನೆಂಟ ಅಂತ ಎದ್ದು ಹೋಗ್ಬೇಕು. ಸರಿ. ನೀನು ಯಾಕೆ ಏಳಲಿಲ್ಲ?"

"ನಾನೇನು ಸದಸ್ಯೆನಾ? ನನಗೆ ಮತ ಇಲ್ಲ."

"ಪೆನ್ನು ಇದೆಯಲ್ಲ. ಅವನ ಕೈಗಿಂತ ನಿನ್ನ ಪೆನ್ನೇ ಜೋರು ಅಂತ ಈಗ ಗೊತ್ತಾಯ್ತಲ್ಲ."

ಅವನು ಅದನ್ನು ಚುಚ್ಚಬೇಕೆಂದು ಹೇಳಿರಲಿಲ್ಲ. ಆದರೆ ಅವಳಿಗೆ ಅದು ಬೆಳಿಗ್ಗೆಯಿಂದ ಯಾವ ಮೂಲೆಯಲ್ಲಿ ನೋಯುತ್ತಿದೆ ಎಂದು ತಿಳಿಯದಿದ್ದ ಹಲ್ಲನ್ನು ನಾಲಿಗೆ ಮುಟ್ಟಿದಂತಾಯಿತು. ಹೌದು, ಅವಳು ಏಳಬೇಕಿತ್ತು. ಪಟ್ಟಿ ಟೈಪು ಮಾಡಿದ ದಿನವೇ ಮುಖ್ಯಾಧಿಕಾರಿಗೆ, ಇದರಲ್ಲಿ ನನ್ನ ಗಂಡನ ಶೆಡ್ಡಿದೆ, ಈ ಸಲ ಬೇರೆಯವರು ಬರೆಯಲಿ, ಎನ್ನಬೇಕಿತ್ತು. ಅದು ಅವಳಿಗೆ ಹೊಳೆದೇ ಇರಲಿಲ್ಲ. ಎದ್ದು ಹೋಗುವುದು ದೊಡ್ಡವರ ಕೆಲಸ ಎಂದುಕೊಂಡಿದ್ದಳು.

"ನೀವೇ ಹೇಳಿ, ಏನು ಬರೀಲಿ?"

"ನನ್ನನ್ನ ಕೇಳ್ಬೇಡ," ಅಂದ. ಆಮೇಲೆ, ಸೀಟನ್ನು ತಿರುಗಿಸುತ್ತಾ, ಮೆಲ್ಲಗೆ, "ನನಗೆ ಶೆಡ್ಡು ಬೇಕು. ಅದು ನಿನಗೆ ಗೊತ್ತಿದೆ. ಅದಕ್ಕೇ ಕೇಳ್ಬೇಡ ಅಂದೆ."

ಮರುದಿನ ಬೆಳಿಗ್ಗೆ ಕಸ ಗುಡಿಸುವವರು ಬರುವ ಮುಂಚೆಯೇ ಅವಳು ಕಚೇರಿಗೆ ಬಂದಳು. ಕಿಟಕಿ ತೆರೆದು, ರೂಲು ದೊಣ್ಣೆ ಇಟ್ಟು, ಉಪಾಧ್ಯಕ್ಷರು ಹೊರಗೆ ಹೋದ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದಳು. ಕೆಳಗಿನ ಅಕ್ಷರ ಓದಲು ಬರುವ ಹಾಗೆ, ನಿಯಮದಲ್ಲಿರುವಂತೆ. ಖಾಲಿ ಜಾಗದಲ್ಲಿ ಎಂಟು, ಏಳು ಎಂದು ತುಂಬಿದಳು. ಪುಟದ ಅಂಚಿನಲ್ಲಿ ಬರೆದಳು: "ಮಾನ್ಯ ಉಪಾಧ್ಯಕ್ಷರು ಹೊರಗೆ ಹೋಗಿ, ಮತ ಎಣಿಸುವಾಗ ಒಳಗೆ ಬಂದು ಪರವಾಗಿ ಮತ ನೀಡಿದರು. ಹೊಡೆದುಹಾಕಿದ ಸಾಲನ್ನು ಸಭೆಯ ಹಿಂದಿನ ದಿನ ಬರೆಯಲಾಗಿತ್ತು. ಈ ತಿದ್ದುಪಡಿ ಸಹಿಗಳ ನಂತರ ಮಾಡಿದ್ದು. ಈ ಜಾಗದ ನಾಲ್ಕನೇ ಶೆಡ್ಡು ನಡಾವಳಿ ಬರೆದವಳ ಗಂಡನದು." ಕೆಳಗೆ ಸಹಿ, ತಾರೀಕು. ಇಪ್ಪತ್ತಾರು ವರ್ಷದಲ್ಲಿ ಅವಳು ತನ್ನ ಬಗ್ಗೆ ಆ ಪುಸ್ತಕದಲ್ಲಿ ಬರೆದದ್ದು ಇದೇ ಮೊದಲು. ಅಂಚಿನಲ್ಲಿ ಜಾಗ ಸಾಲದೆ ಕೊನೆಯ ಪದ ಗೆರೆಯಿಂದ ಕೆಳಗಿಳಿದಿತ್ತು.

ಮುಖ್ಯಾಧಿಕಾರಿ ಅವಳಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವರು. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾಕಕ್ಕ ಇದು? ಎರಡು ವರ್ಷ ಇತ್ತು ನಿಮಗೆ."

"ಆದದ್ದನ್ನ ಬರೆದಿದ್ದೀನಿ ಸಾರ್."

"ಆದದ್ದು ಸರಿ. ಹಿಂದಿನ ದಿನ ಬರೆದಿದ್ದೆ ಅಂತ ಯಾಕೆ ಬರೆದ್ರಿ? ಅದೊಂದು ಸಾಲು ಬಿಟ್ಟಿದ್ರೆ ನಿಮ್ಮನ್ನ ಕಾಪಾಡಬಹುದಿತ್ತು."

"ಅದನ್ನ ಬಿಟ್ರೆ ಉಳಿದದ್ದನ್ನ ಯಾರು ನಂಬ್ತಾರೆ ಸಾರ್?"

ಅವರು ಪುಸ್ತಕ ಮುಚ್ಚಿದರು. "ಚಹಾ ಕುಡೀತೀರಾ?" ಅಂದರು.

ಮೇಷ್ಟ್ರು ಆ ಪುಟದ ನಕಲು ಪಡೆದು ಮೇಲಿನ ಕಚೇರಿಗೆ ದೂರು ಕೊಟ್ಟರು. ನಿರ್ಣಯ ರದ್ದಾಯಿತು. ಫ್ಯೂಸಣ್ಣನಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅವಳ ಮೇಲೆ ವಿಚಾರಣೆ. ಹಳೆಯ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಒಯ್ದರು. ಅವಳನ್ನು ಜನನ ಮರಣದ ಕೌಂಟರಿಗೆ ಹಾಕಿದರು. ಹಲ್ಲುನೋವಿನ ಸದಸ್ಯರು ಎದುರು ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋದರು. ತಾವು ಆಡದ ಮಾತು ಈಗ ಅವರಿಗೂ ಚಿಂತೆಯಾಗಿತ್ತು.

ಮೂರು ತಿಂಗಳ ನಂತರ ಅದೇ ವಿಷಯ ಮತ್ತೆ ಸಭೆಗೆ ಬಂತು. ಈ ಸಲ ಬೇರೊಬ್ಬ ಗುಮಾಸ್ತ ಅಲ್ಲಲ್ಲೇ ಕೇಳಿ ಅಲ್ಲಲ್ಲೇ ಬರೆದ. ಫ್ಯೂಸಣ್ಣ ಎದ್ದು, ಹಿತಾಸಕ್ತಿಯನ್ನು ಗಟ್ಟಿಯಾಗಿ ಹೇಳಿ, ವರಾಂಡದಲ್ಲೂ ನಿಲ್ಲದೆ ಮೆಟ್ಟಿಲಿಳಿದು ಮನೆಗೇ ಹೋಗಿಬಿಟ್ಟರು. ಕೆಮ್ಮುವ ಅಗತ್ಯವೂ ಇರಲಿಲ್ಲ. ಆಗಬೇಕಾದ ಮಾತೆಲ್ಲ ಮನೆಮನೆಗಳಲ್ಲಿ ಆಗಿತ್ತು. ವಿರುದ್ಧವಿದ್ದ ಏಳರಲ್ಲಿ ಮೂವರು ಕೈ ಬದಲಾಯಿಸಿದ್ದರು. ಹತ್ತು, ನಾಲ್ಕು. ಎಲ್ಲವೂ ನಿಯಮದ ಪ್ರಕಾರ. ಕೌಂಟರಿನ ಕಿಂಡಿಯ ಹಿಂದೆ ಕೂತಿದ್ದ ಅವಳಿಗೆ ಸುದ್ದಿ ಬಂದಾಗ ಅವಳು ಯಾರದೋ ಅಜ್ಜಿಯ ವಯಸ್ಸು ಕೇಳುತ್ತಿದ್ದಳು. ಎಂಬತ್ತೋ ತೊಂಬತ್ತೋ ಎಂದು ಮೊಮ್ಮಗ ಯೋಚಿಸುತ್ತಿದ್ದ.

ಶೆಡ್ಡು ಖಾಲಿ ಮಾಡುವ ದಿನ ಅವಳು ರಜೆ ಹಾಕಿದಳು. ಸಾಲಿನುದ್ದಕ್ಕೂ ತಗಡು ಬಿಚ್ಚುವ ಸದ್ದು. ರೇಡಿಯೇಟರ್‌ನವನು ತನ್ನ ನೀರಿನ ತೊಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಅವಳನ್ನು ನೋಡಿ ಎದ್ದು ನಿಲ್ಲಲಿಲ್ಲ.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡಿ. ಅವತ್ತು ಏಳು, ಏಳು ಅಂತ ಬರೆದಿದ್ರೆ ಏನು ಆಕಾಶ ಬೀಳ್ತಿತ್ತಾ?"

"ಇಲ್ಲ," ಅಂದಳು ಅವಳು.

"ಮತ್ತೆ?"

ಅವನ ಮಗಳಿಗೆ ಆ ವರ್ಷ ಕಾಲೇಜು. ಅವನ ಸಿಟ್ಟು ಸುಳ್ಳಲ್ಲ. ಗಂಡನೇ ಒಳಗಿನಿಂದ ಕೂಗಿದ: "ಲೋ, ಅವಳಿಗೆ ಆಮೇಲೆ ಬಯ್ಯುವಿಯಂತೆ. ಈ ಮೆಷಿನ್ನಿಗೆ ಒಂದು ಕೈ ಕೊಡು. ನನ್ನ ಸೊಂಟ ಹಿಡ್ಕೊಂಡಿದೆ."

ರೇಡಿಯೇಟರ್‌ನವನು ಗೊಣಗುತ್ತಾ ಎದ್ದ. ಮೂವರೂ ಸೇರಿ ಹೊಲಿಗೆ ಯಂತ್ರವನ್ನು ಎತ್ತಿ ತಳ್ಳುಗಾಡಿಯ ಮೇಲಿಟ್ಟರು. ಯಂತ್ರ ಇದ್ದ ಜಾಗದಲ್ಲಿ ಸಿಮೆಂಟು ನುಣುಪಾಗಿ ಕಪ್ಪಗಿತ್ತು, ಇಪ್ಪತ್ತೆರಡು ವರ್ಷದ ಎಣ್ಣೆ ಕುಡಿದು. ಗಂಡ ಅದನ್ನು ಒಂದು ಗಳಿಗೆ ನೋಡಿ, ಚಪ್ಪಲಿಯಿಂದ ಸುಮ್ಮನೆ ಉಜ್ಜಿದ. "ಮನೆ ಪಡಸಾಲೆಯಲ್ಲಿ ಲಾರಿ ಸೀಟು ಹಿಡಿಯಲ್ಲ," ಅಂದ. "ಇನ್ಮೇಲೆ ಆಟೋ, ಸ್ಕೂಟರ್ರು ಅಷ್ಟೇ." ಯಾರಿಗೂ ಹೇಳಿದ್ದಲ್ಲ ಅದು. ಅವಳು ಅವನ ತೋಳು ಮುಟ್ಟಿದಳು. ಅವನು ಬಿಡಿಸಿಕೊಳ್ಳಲಿಲ್ಲ, ತಿರುಗಿ ನೋಡಲೂ ಇಲ್ಲ.

ಅಷ್ಟರಲ್ಲಿ ಒಬ್ಬ ಬಸ್ ಚಾಲಕ ಬಂದು ತಗಡಿಲ್ಲದ ಶೆಡ್ಡನ್ನು ನೋಡಿ ತಬ್ಬಿಬ್ಬಾದ. "ಏನಣ್ಣ ಇದು, ನನ್ನ ಸೀಟು?"

"ಮುಗಿದಿಲ್ಲ. ಮನೆಗೆ ಬಂದು ತಗೊಂಡು ಹೋಗು, ನಾಡಿದ್ದು."

"ಮನೆ ಎಲ್ಲಿ?"

ಗಂಡ ಗಾಡಿಗೆ ಹಗ್ಗ ಬಿಗಿಯುತ್ತಿದ್ದ. ಅವಳೇ ಚಾಲಕನಿಗೆ ದಾರಿ ಹೇಳಿದಳು: ನೀರಿನ ಟ್ಯಾಂಕು ದಾಟಿ, ಎಡಕ್ಕೆ ಎರಡನೇ ಗಲ್ಲಿ, ಹಸಿರು ಗೇಟು, ಗೇಟಿನ ಚಿಲಕ ಒಳಗಿನಿಂದ ಬಿಗಿ, ಸ್ವಲ್ಪ ಎತ್ತಿ ತಳ್ಳಬೇಕು. ಅವನು ಅರ್ಧ ಮರೆತವನಂತೆ ತಲೆಯಾಡಿಸಿದ. ಅವಳು ಮತ್ತೆ ಮೊದಲಿನಿಂದ ಹೇಳಿದಳು.